ಒಂದು ಪರ್ಸೆಂಟಿನ ಬಡವರು, ನಲವತ್ತು ಪರ್ಸೆಂಟಿನ ದೊರೆಗಳು

ಗುತ್ತಿಗೆದಾರರ ಸಂಘದವರು ಮತ್ತೆ ಬಾಯಿ ಬಿಟ್ಟಿದ್ದಾರೆ. ಹಿಂದಿನ ಸರ್ಕಾರಕ್ಕಿಂತ ಈಗಿನದರಲ್ಲೇ ಕಮಿಷನ್ ಜಾಸ್ತಿಯಂತೆ. ಹಿಂದಿನ ಬಿಜೆಪಿ ಸರ್ಕಾರದ ಮೇಲಿದ್ದದ್ದು ಕಾಮಗಾರಿಗಳಲ್ಲಿ ನಲವತ್ತು ಪರ್ಸೆಂಟ್ ಕಮಿಷನ್ ತಿಂದ ಆರೋಪ. ಅದಕ್ಕಾಗಿ 2022ರಲ್ಲಿ ಬೆಂಗಳೂರಿನ ಗೋಡೆಗಳಿಗೆ ಮುಖ್ಯಮಂತ್ರಿಯನ್ನು ಅಣಕಿಸುವ ‘ಪೇಸಿಎಂ’ ಪೋಸ್ಟರ್ ಅಂಟಿಸಿದ ಕಾಂಗ್ರೆಸ್ಸಿನವರೇ ಈಗ ಕುರ್ಚಿಯಲ್ಲಿದ್ದಾರೆ, ಕುರ್ಚಿಯಲ್ಲಿದ್ದವರು ಅಂಟು ಕಲಸುತ್ತಿದ್ದಾರೆ. ಪ್ರಜಾಪ್ರಭುತ್ವ ಅಂದರೆ ಎಲ್ಲರಿಗೂ ಸಮಾನ ಅವಕಾಶ ತಾನೆ.

ಕಮಿಷನ್ನನ್ನು ಬೈಯುವವರು ಅದರ ಆಡಳಿತ ಸುಧಾರಣೆಯನ್ನು ಗಮನಿಸಿಲ್ಲ. ಈ ನಾಡಿನಲ್ಲಿ ಎರಡು ಬಗೆಯ ಪರ್ಸೆಂಟುಗಳಿವೆ. ಒಂದನ್ನು ಸಂಸತ್ತು 1996ರಲ್ಲಿ ಕಾಯ್ದೆ ಮಾಡಿ ಕೊಟ್ಟಿತು: ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ನಿರ್ಮಾಣ ವೆಚ್ಚದ ಮೇಲೆ 1 ಪರ್ಸೆಂಟ್ ಸೆಸ್. ಒಂದು ಕೋಟಿಯ ಕಾಮಗಾರಿಗೆ ಒಂದು ಲಕ್ಷ. ಸರ್ಕಾರಿ ಕೆಲಸವಾದರೆ ಬಿಲ್ಲಿನಲ್ಲೇ ಮುರಿದುಕೊಳ್ಳುತ್ತಾರೆ. ದುಡ್ಡು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸಲೀಸಾಗಿ ಬರುತ್ತದೆ. ಅಲ್ಲಿಂದ ಆಳಿನ ಕೈಗೆ ಹೋಗುವುದೇ ಕಷ್ಟ.

ಮಂಡಳಿಯಲ್ಲಿ ಹೆಸರು ನೋಂದಾಯಿಸಲು ಆಳಿಗೆ 18 ತುಂಬಿರಬೇಕು, 60 ದಾಟಿರಬಾರದು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿದ್ದಾನೆಂಬ ಸರ್ಟಿಫಿಕೇಟ್ ಬೇಕು. ಸಹಿ ಹಾಕುವವರು ಯಾರು? ಹಾಜರಿ ಪುಸ್ತಕ ಇದ್ದರೆ ಅದು ಮೇಸ್ತ್ರಿಯ ಅಂಗಿ ಜೇಬಿನ ಚೀಟಿ. ಗುತ್ತಿಗೆದಾರ ಸಹಿ ಹಾಕಲೊಲ್ಲ. ಹಾಕಿದರೆ ‘ಇವನು ನನ್ನ ಆಳು’ ಎಂದು ಒಪ್ಪಿದಂತೆ, ಆಮೇಲೆ ಪಿಎಫ್ ಎಲ್ಲಿ, ಇಎಸ್‌ಐ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಹಾಗಾಗಿ ಸೈಬರ್ ಸೆಂಟರಿನ ದಲ್ಲಾಳಿ ಕೆಲವು ನೂರು ರೂಪಾಯಿಗೆ ಸಹಿಯನ್ನೂ ಸೀಲನ್ನೂ ಒದಗಿಸುತ್ತಾನೆ. ಅವನ ಬಳಿ ದರ್ಜಿಯೂ ಕಟ್ಟಡ ಕಾರ್ಮಿಕ, ಕಿರಾಣಿ ಅಂಗಡಿಯವನೂ ಕಟ್ಟಡ ಕಾರ್ಮಿಕ. ಕೆಲವು ವರ್ಷಕ್ಕೊಮ್ಮೆ ಸರ್ಕಾರಕ್ಕೆ ಬೋಗಸ್ ಕಾರ್ಡುಗಳ ಜ್ಞಾನೋದಯವಾಗಿ ಲಕ್ಷಗಟ್ಟಲೆ ರದ್ದಾಗುತ್ತವೆ. ಆ ರಭಸದಲ್ಲಿ ಆಧಾರಿನಲ್ಲಿ ಇನಿಷಿಯಲ್ ಹಿಂದುಮುಂದಾದ ಯಾದಗಿರಿಯ ಅಸಲಿ ಗಾರೆಯವನೂ ಹೋಗುತ್ತಾನೆ. ದರ್ಜಿ ಹೇಗೋ ಉಳಿದುಕೊಳ್ಳುತ್ತಾನೆ.

ಎರಡನೆಯ ಬಗೆಯ ಪರ್ಸೆಂಟಿಗೆ, ಅಂದರೆ ಕಮಿಷನ್ನಿಗೆ, ಕಾಯ್ದೆ ಇಲ್ಲ, ನಿಯಮಾವಳಿ ಇಲ್ಲ, ಒಟಿಪಿ ಇಲ್ಲ. ಕೆಲಸ ಶುರುವಾಗುವ ಮುಂಚೆ ಒಂದು ಕಂತು, ಬಾಕಿ ಬಿಲ್ಲಿನ ಎಲ್‌ಒಸಿ, ಅಂದರೆ ಹಣ ಪಾವತಿಯ ಅನುಮತಿ ಪತ್ರ, ಬಿಡುಗಡೆಗೆ ಇನ್ನೊಂದು ಕಂತು. ಸರ್ವರ್ ಡೌನ್ ಆಗಿದ್ದು ಕೇಳಿಲ್ಲ. ಫಲಾನುಭವಿಯ ಹೆಸರು ತಪ್ಪಾಗಿ ಹಣ ವಾಪಸಾದದ್ದೂ ಇಲ್ಲ.

ಮಂಡಳಿ ಹಂಚುವ ಕಿಟ್ಟುಗಳ ವಿಷಯ ಹೇಳದೆ ಮುಂದೆ ಹೋಗಲಾರೆ. ಕೋವಿಡ್ ಕಾಲದ ರೇಷನ್ ಕಿಟ್, ಅದರ ಮೇಲೆ ಶಾಸಕರ ನಗುಮುಖದ ಸ್ಟಿಕ್ಕರ್. ಆಮೇಲೆ ಸುರಕ್ಷತಾ ಕಿಟ್, ಗಾರೆಯವರಿಗೆ ಟೂಲ್‌ಕಿಟ್, ಎಲೆಕ್ಟ್ರಿಷಿಯನ್ನಿಗೆ ಬೇರೆ, ಪ್ಲಂಬರಿಗೆ ಬೇರೆ, ಮಕ್ಕಳಿಗೆ ಲ್ಯಾಪ್‌ಟಾಪ್. ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿದವನ ಬಳಿ ಕರಣೆ ಇರುವುದಿಲ್ಲವೇ? ತೂಕದ ಗುಂಡು, ರಸಮಟ್ಟ, ಬಾಂಡ್ಲಿ ಎಲ್ಲ ಇರುತ್ತವೆ, ಮತ್ತು ತನ್ನ ಕೈಗೆ ಒಗ್ಗಿದ ಕರಣೆಯನ್ನು ಅವನು ಯಾವ ಮಂತ್ರಿಯ ಕರಣೆಗೂ ಬದಲಾಯಿಸುವುದಿಲ್ಲ. ಅವನಿಗೆ ಬೇಕಾದದ್ದು ದುಡ್ಡು. ಆದರೆ ದುಡ್ಡನ್ನು ನೇರ ಖಾತೆಗೆ ಹಾಕಿದರೆ ಟೆಂಡರ್ ಕರೆಯಲಾಗದು. ಟೆಂಡರ್ ಇಲ್ಲದ ಕಲ್ಯಾಣದಲ್ಲಿ ಯಾರ ಕಲ್ಯಾಣ ಆಗಬೇಕು? ಸರ್ಕಾರ ಬದಲಾದರೆ ಕಿಟ್ಟಿನ ಮೇಲಿನ ಫೋಟೋ ಬದಲಾಗುತ್ತದೆ. ಡಬ್ಬದೊಳಗಿನ ಹೆಲ್ಮೆಟ್ಟು ಅದೇ ತೆಳ್ಳನೆಯದು.

ಈ ನಲವತ್ತು ಪರ್ಸೆಂಟ್ ಕಮಿಷನ್ ಬರುವುದಾದರೂ ಎಲ್ಲಿಂದ? ಎಸ್‌ಆರ್ ದರದಲ್ಲಿ, ಅಂದರೆ ಸರ್ಕಾರಿ ಕಾಮಗಾರಿಗಳ ದರಪಟ್ಟಿಯಲ್ಲಿ, ಗುತ್ತಿಗೆದಾರನ ಲಾಭವೆಂದು ಸೇರಿಸುವುದು ಹತ್ತು ಪರ್ಸೆಂಟಿನ ಆಸುಪಾಸು. ಡೀಸೆಲ್ ಬಂಕಿನವನು ರಿಯಾಯಿತಿ ಕೊಡುವುದಿಲ್ಲ. ಕಬ್ಬಿಣದ ದರ ಯಾರ ಮಾತೂ ಕೇಳುವುದಿಲ್ಲ. ಜಿಎಸ್‌ಟಿ 18 ಪರ್ಸೆಂಟ್ ಸರ್ಕಾರದ್ದೇ. ಉಳಿದದ್ದು ಸಿಮೆಂಟು: ಒಂದಕ್ಕೆ ಆರು ಮರಳಿನ ಗಾರೆ ಒಂದಕ್ಕೆ ಒಂಬತ್ತಾಗುತ್ತದೆ. ಏಳು ದಿನ ನೀರುಣಿಸಬೇಕಾದ ಕಾಂಕ್ರೀಟಿಗೆ ಎರಡು ದಿನ ಪೈಪು ಹಿಡಿದು ಟ್ಯಾಂಕರ್ ವಾಪಸ್. ಸೆಂಟ್ರಿಂಗ್ ಜಾಕಿಗಳ ನಡುವಿನ ಅಂತರ ಹಿಗ್ಗುತ್ತದೆ. ಅದೂ ಸಾಲದಿದ್ದರೆ ತುಂಡು ಗುತ್ತಿಗೆಯವನಿಗೆ ಫೋನ್ ಹೋಗುತ್ತದೆ, ಅವನಿಂದ ಮೇಸ್ತ್ರಿಗೆ, ಮೇಸ್ತ್ರಿಯಿಂದ ಆಳಿಗೆ: ಈ ಶನಿವಾರ ಬಟವಾಡೆ ಅರ್ಧ, ಬಿಲ್ ಆದಮೇಲೆ ಉಳಿದದ್ದು. ಬಿಲ್ ಆಗುವುದಿಲ್ಲ. ಆಳು ಊರಿಗೆ ಹೋಗುತ್ತಾನೆ. ಬಾಕಿ ಬಾಕಿಯಾಗಿಯೇ ಉಳಿಯುತ್ತದೆ. ಕೂಲಿ ಬಾಕಿ ಉಳಿದರೆ ಮೂಲ ಮಾಲೀಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಬರೆದಿತ್ತು. ಮೂಲ ಮಾಲೀಕ ಸರ್ಕಾರವೇ ಆದಾಗ ಯಾರ ಬಾಗಿಲು ತಟ್ಟಬೇಕು? ಲಂಚದ ಕಥೆಯಲ್ಲಿ ಎಲ್ಲರೂ ಕೊಟ್ಟವನನ್ನೂ ತಿಂದವನನ್ನೂ ಟಿವಿಯಲ್ಲಿ ಕೂರಿಸುತ್ತಾರೆ, ಯಾರ ಕೂಲಿಯಿಂದ ಕಿತ್ತು ಕೊಟ್ಟರೋ ಅವನ ಹೆಸರು ಒಂದು ಚರ್ಚೆಯಲ್ಲೂ ಬರುವುದಿಲ್ಲ. ಥೂ.

ಇರಲಿ. 2023ರ ಮೇ ತಿಂಗಳಲ್ಲಿ 135 ಸ್ಥಾನಗಳೊಂದಿಗೆ ಬದಲಾವಣೆ ಬಂತು. ಆಗಸ್ಟ್‌ನಲ್ಲಿ ನಲವತ್ತು ಪರ್ಸೆಂಟ್ ತನಿಖೆಗೆ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ. 2025ರ ಮಾರ್ಚ್‌ನಲ್ಲಿ ದಪ್ಪನೆಯ ವರದಿ. ಕಮಿಷನ್ ಬಗ್ಗೆ ಕಮಿಷನ್ ನೇಮಿಸುವ ಸಂಪ್ರದಾಯ ನಮ್ಮದು. ಇದರ ನಡುವೆಯೇ ಕಟ್ಟಡ ಕಾರ್ಮಿಕರ ಮಕ್ಕಳ ಶೈಕ್ಷಣಿಕ ಸಹಾಯಧನಕ್ಕೆ ಕತ್ತರಿ ಬಿತ್ತು. ಹಳೆಯ ದರಕ್ಕಾಗಿ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಕಿಟ್ಟಿಗೆ ಕತ್ತರಿ ಬಿದ್ದಿದ್ದರೆ ಯಾರೂ ಕೋರ್ಟಿಗೆ ಹೋಗುತ್ತಿರಲಿಲ್ಲ.

ಇನ್ನು ದುಡಿಮೆಯ ಗಂಟೆಗಳು. 2023ರ ಫೆಬ್ರವರಿಯಲ್ಲಿ ಬಿಜೆಪಿ ಸರ್ಕಾರ ಕಾರ್ಖಾನೆ ಕಾಯ್ದೆ ತಿದ್ದಿ ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ಮಾಡಿತು, ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 75ರಿಂದ 145 ಗಂಟೆಗೆ ಏರಿಸಿತು. ಸರ್ಕಾರ ಹೋಯಿತು, ತಿದ್ದುಪಡಿ ಹೋಗಲಿಲ್ಲ. 2025ರಲ್ಲಿ ಕಾಂಗ್ರೆಸ್ ಸರ್ಕಾರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ಪ್ರಸ್ತಾವ ಮುಂದಿಟ್ಟಿತು: ದಿನಕ್ಕೆ ಒಂಬತ್ತರ ಬದಲು ಹತ್ತು ಗಂಟೆ, ಮೂರು ತಿಂಗಳ ಓವರ್‌ಟೈಮ್ 50ರಿಂದ 144ಕ್ಕೆ. ಒಬ್ಬರದು 145, ಇನ್ನೊಬ್ಬರದು 144. ಸರ್ಕಾರ ಬದಲಾದರೆ ಕಾರ್ಮಿಕನಿಗೆ ಏನು ಸಿಗುತ್ತದೆ ಎಂದು ಕೇಳುವವರಿಗೆ ಲೆಕ್ಕ ಇಲ್ಲಿದೆ: ಮೂರು ತಿಂಗಳಿಗೆ ಒಂದು ಗಂಟೆ.