ಒಳಗೇನೂ ಇಲ್ಲದ ಲಕೋಟೆ

ನಾನು ದುಡ್ಡು ಕೊಟ್ಟು ತರಿಸಿಕೊಳ್ಳುವ ಲಕೋಟೆಗಳ ಒಳಗೆ ಏನೂ ಇರುವುದಿಲ್ಲ. ಕಾಗದವಿಲ್ಲ, ಚೆಕ್ಕಿಲ್ಲ. ಹೆಚ್ಚೆಂದರೆ ಮಡಚಿಕೊಳ್ಳದಿರಲಿ ಅಂತ ತೂರಿಸಿದ ಒಂದು ರಟ್ಟಿನ ತುಂಡು. ಇರುವುದೆಲ್ಲ ಹೊರಗಡೆಯೇ. ಬಲಗಡೆ ಸ್ಟಾಂಪು, ಅದರ ಮೇಲೆ ಊರು, ತಾರೀಕಿನ ಮುದ್ರೆ, ಎಡಗಡೆ ಜಲಾಂತರ್ಗಾಮಿಯ ಚಿತ್ರ. ಹೆಸರು ನಾಟಿಲಸ್. ಪ್ರಪಂಚದ ಮೊದಲ ಅಣುಶಕ್ತಿ ಜಲಾಂತರ್ಗಾಮಿ. ನಾವಿರುವ ಕನೆಕ್ಟಿಕಟ್‌ನ ಗ್ರಾಟನ್ ಊರಿನಲ್ಲಿ ಹುಟ್ಟಿ, ಈಗ ಅಲ್ಲೇ ಮ್ಯೂಸಿಯಂ ಆಗಿ ನಿಂತಿದೆ.

ಅಮೆರಿಕದ ನೌಕಾಪಡೆಯಲ್ಲಿ ಹಡಗುಗಳಿಗೂ ನಮ್ಮ ಹಾಗೆ ಹುಟ್ಟಿನಿಂದ ಕೊನೆಯವರೆಗೆ ಶಾಸ್ತ್ರಗಳಿವೆ. ಒಂದೊಂದು ಶಾಸ್ತ್ರಕ್ಕೂ ಲಕೋಟೆ. ನಾಟಿಲಸ್‌ನ ಕೀಲ್, ಅಂದರೆ ಅಡಿಯ ತೊಲೆ, ಇಟ್ಟದ್ದು 1952ರ ಜೂನ್ 14ರಂದು, ಅಧ್ಯಕ್ಷ ಟ್ರೂಮನ್ ಎದುರಿಗೆ. ನೀರಿಗೆ ಇಳಿಸಿದ್ದು 1954ರ ಜನವರಿ 21ರಂದು. ಆಗ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಅವರ ಪತ್ನಿ ಮೇಮಿ ಬಂದು ಶಾಂಪೇನ್ ಬಾಟಲಿ ಒಡೆದರು. ಸೇವೆಗೆ ಸೇರಿದ್ದು ಅದೇ ವರ್ಷದ ಸೆಪ್ಟೆಂಬರ್ 30. ನಿವೃತ್ತಿ 1980ರ ಮಾರ್ಚ್ 3. ಹವ್ಯಾಸಿಗಳು ಚಿತ್ರ ಅಚ್ಚು ಹಾಕಿಸಿ, ಸ್ಟಾಂಪು ಅಂಟಿಸಿ, ಕಟ್ಟು ಕಟ್ಟಿ ಅಂಚೆ ಕಚೇರಿಗೋ ಹಡಗಿನ ಕ್ಯಾಪ್ಟನ್‌ಗೋ ಕಳಿಸುತ್ತಾರೆ. ದಯವಿಟ್ಟು ಆ ದಿನದ ಮುದ್ರೆ ಹೊಡೆಸಿ ವಾಪಸ್ ಕಳಿಸಿ ಅಂತ. ಇಂಥವರದ್ದೇ ಒಂದು ಸಂಘ 1932ರಿಂದ ಇದೆ. ಯುದ್ಧಕ್ಕೆ ತಯಾರಾದ ಕ್ಯಾಪ್ಟನ್ನುಗಳು, ಪಾಪ, ಯಾರದೋ ಲಕೋಟೆಗೆ ಮುದ್ರೆ ಹೊಡೆಸುತ್ತಾ ಕೂರಬೇಕು.

ಹುಡುಕುವುದೇ ದೊಡ್ಡ ತಲೆನೋವು. ಫೋನಿನಲ್ಲಿ ನಾಟಿಲಸ್ ಅಂತ ಟೈಪ್ ಮಾಡಿದರೆ ಆ ಹೆಸರಿನ ಜಿಮ್ ಮೆಷೀನುಗಳೇ ಮುಂದೆ ಬಂದು ನಿಲ್ಲುತ್ತವೆ. ಈಗ ನನ್ನ ಫೋನು ನನ್ನ ಹೊಟ್ಟೆ ಕರಗಿಸುವ ಪಣ ತೊಟ್ಟಿದೆ. ದಿನಾ ಬೆಳಿಗ್ಗೆ ಒಂದು ಡಂಬೆಲ್ ತೋರಿಸುತ್ತದೆ.

ನೀರಿಗೆ ಇಳಿಸಿದ ದಿನದ ಲಕೋಟೆ ಕೊನೆಗೂ ಸಿಕ್ಕಿತು. ಅದು ಬರುವ ಹಿಂದಿನ ರಾತ್ರಿ ಮೊಣಕಾಲುದ್ದ ಹಿಮ ಬಿತ್ತು. ನಮ್ಮ ಟಪಾಲು ಡಬ್ಬಿ ರಸ್ತೆ ಬದಿಯಲ್ಲಿ ಒಂದು ಕಂಬದ ಮೇಲಿದೆ. ಟಪಾಲು ಬಂದು ಹೋದ ಮೇಲೆ ಹಿಮ ತಳ್ಳುವ ಲಾರಿ ಬಂತು, ರಸ್ತೆಯ ಹಿಮದ ಜೊತೆ ನಮ್ಮ ಡಬ್ಬಿಯನ್ನೂ ತಳ್ಳಿಕೊಂಡು ಹೋಯಿತು. ನಾನು ಪಂಚೆಯ ಮೇಲೆ ಜಾಕೆಟ್ ಹಾಕಿಕೊಂಡು ಓಡಿದೆ. ಗುಡ್ಡೆಯನ್ನು ಸಲಿಕೆಯಿಂದ ಕೆದಕಿದರೆ ಮೊದಲು ಕರೆಂಟ್ ಬಿಲ್ ಸಿಕ್ಕಿತು, ಗರಿಗರಿಯಾಗಿ, ಒಂದು ಹನಿಯೂ ತಾಗದೆ. ಆಮೇಲೆ ನಾಟಿಲಸ್ ಸಿಕ್ಕಿತು, ತೊಟ್ಟಿಕ್ಕುತ್ತಾ. ಅಷ್ಟು ವರ್ಷ ಯಾರದೋ ಕಪಾಟಿನಲ್ಲಿ ಒಣಗಿಕೊಂಡಿದ್ದ ಲಕೋಟೆಗೆ ನನ್ನ ಮನೆ ಬಾಗಿಲಲ್ಲಿ ಎರಡನೇ ಸಲ ಜಲಾವತರಣ ಆಯಿತು. ಹೆಂಡತಿಯ ಹೇರ್ ಡ್ರೈಯರ್ ಹಿಡಿದೆ. ಮುದ್ರೆಯ ಕಪ್ಪು ಮಸಿ ಕದಲಲಿಲ್ಲ. ಚಿತ್ರದ ನೀಲಿ ಮಾತ್ರ ಹರಡಿ, ಜಲಾಂತರ್ಗಾಮಿ ನಿಜವಾಗಿಯೂ ಮುಳುಗಿದ ಹಾಗೆ ಕಾಣುತ್ತದೆ. ನನಗೆ ಈಗ ಅದೇ ಇಷ್ಟ.

ಸೇವೆಗೆ ಸೇರಿದ ದಿನದ ಲಕೋಟೆಯ ಕಥೆ ಬೇರೆ. ಅದರ ಮೇಲೆ ವಿಳಾಸ ಇರಲಿಲ್ಲ. ಒಂದು ಗೃಹಪ್ರವೇಶಕ್ಕೆ ಹೊರಡುವ ಗಡಿಬಿಡಿಯಲ್ಲಿ ನನ್ನವಳು ಅದನ್ನು ಮೇಜಿನ ಮೇಲೆ ಕಂಡಳು. ಹಡಗಿನ ಚಿತ್ರ ಚೆನ್ನಾಗಿದೆ ಅಂತ 51 ಡಾಲರ್ ಹಾಕಿ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಮುಯ್ಯಿ ಮಾಡಿ ಬಂದಳು. ಮರುದಿನ ಅವರ ಮನೆ ಬಾಗಿಲಲ್ಲಿ ನಿಂತೆ.

"ನಿನ್ನೆ ಕೊಟ್ಟ ಕವರು ವಾಪಸ್ ಸಿಗಬಹುದಾ?"

ಆ ಮನೆ ಯಜಮಾನರು ಹೆಂಡತಿಯ ಮುಖ ನೋಡಿದರು. ಇಬ್ಬರೂ ಒಳಗೆ ಹೋದರು. ಗುಸುಗುಸು ಕೇಳಿಸಿತು. ಹೊಸ ಕವರಿನಲ್ಲಿ 51 ಡಾಲರ್ ಹಾಕಿ ತಂದು, "ಕಷ್ಟ ಯಾರಿಗೆ ತಾನೇ ಬರಲ್ಲ ಹೇಳಿ, ಸಂಕೋಚ ಬೇಡ" ಅಂದರು. ದುಡ್ಡು ಬೇಡ, ಖಾಲಿ ಕವರು ಸಾಕು ಅಂದ ಮೇಲಂತೂ ಅವರಿಗೆ ಗಾಬರಿ ಜಾಸ್ತಿಯಾಯಿತು. ಗ್ಯಾರೇಜಿನ ಕಸದ ಡಬ್ಬಿಯಲ್ಲಿ, ಪಿಜ್ಜಾ ಪೆಟ್ಟಿಗೆಗಳ ಕೆಳಗೆ ಅದು ಸಿಕ್ಕಿತು. ಒಂದು ಅಂಚು ಹರಿದಿತ್ತು. ತಾರೀಕಿನ ಪಕ್ಕದಲ್ಲೇ ನನ್ನವಳ ಅರಿಶಿನದ ಬೆರಳು. ಅರಿಶಿನ ಹಚ್ಚಿಸಿಕೊಂಡ ನಾಟಿಲಸ್ ಲಕೋಟೆ ಇಡೀ ಅಮೆರಿಕದಲ್ಲಿ ನನ್ನೊಬ್ಬನ ಹತ್ತಿರ ಇರಬೇಕು.

ಹೀಗಿರುವಾಗ ತಿಪಟೂರಿನಿಂದ ನಮ್ಮ ಮಾವನವರು ಬಂದರು. ಸಬ್ ಪೋಸ್ಟ್‌ಮಾಸ್ಟರ್ ಆಗಿ ರಿಟೈರಾದವರು. ಅತ್ತೆ ಬರಲಿಲ್ಲ, ಹಸು ಬಿಟ್ಟು ಬರುವ ಹಾಗಿಲ್ಲ. ಮಾವ ನನ್ನ ಆಲ್ಬಮ್ಮನ್ನು ಕನ್ನಡಕ ಏರಿಸಿ ಪುಟಪುಟ ನೋಡಿದರು. ಚಿತ್ರದ ಕಡೆ ಕಣ್ಣೂ ಹಾಯಿಸಲಿಲ್ಲ. ಮುದ್ರೆ ಮಾತ್ರ ನೋಡಿದರು. "ಇದು ಮೆಷೀನು. ಇದು ಕೈ. ಇಲ್ನೋಡಿ, ಮಸಿ ಜಾಸ್ತಿ ಅದ್ದಿದಾನೆ. ಇವನು ಹೊಸಬ." ಕೊನೆಗೆ ಆಲ್ಬಮ್ ಮುಚ್ಚಿ ಕೇಳಿದರು: "ಅಲ್ಲ ಅಳಿಯಂದಿರೇ, ಇದರಲ್ಲಿ ಒಂದಾದರೂ ಯಾರಿಗಾದರೂ ತಲುಪಬೇಕಾಗಿತ್ತಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ಭಾನುವಾರ ಅವರನ್ನು ಗ್ರಾಟನ್‌ಗೆ ಕರೆದುಕೊಂಡು ಹೋಗೋಣ ಅಂತ ಹೇಳಿದೆ. ಭಾನುವಾರ ಬೇಡ, ಅಂಚೆ ಕಚೇರಿ ತೆಗೆದಿರುವ ದಿನ ಹೋಗೋಣ ಅಂದರು. ಯಾಕೆ ಅಂತ ನಾನೂ ಕೇಳಲಿಲ್ಲ. ದಾರಿಯಲ್ಲಿ ಅವರಿಗೆ ಕ್ಷಿಪಣಿ ಟಪಾಲಿನ ಕಥೆ ಹೇಳಿದೆ. 1959ರ ಜೂನ್ 8ರಂದು ಬಾರ್ಬೆರೋ ಅನ್ನುವ ಜಲಾಂತರ್ಗಾಮಿಯಿಂದ ರೆಗ್ಯುಲಸ್ ಕ್ಷಿಪಣಿ ಹಾರಿಸಿದರು. ಅದರ ಹೊಟ್ಟೆಯಲ್ಲಿ ಬಾಂಬ್ ಬದಲು 3000 ಕಾಗದ. 22 ನಿಮಿಷದಲ್ಲಿ ಫ್ಲಾರಿಡಾದ ಮೇಪೋರ್ಟ್‌ಗೆ ಬಂದು ಇಳಿಯಿತು. ಆಗಿನ ಪೋಸ್ಟ್‌ಮಾಸ್ಟರ್ ಜನರಲ್ ಸಮ್ಮರ್‌ಫೀಲ್ಡ್ ಖುಷಿಯಲ್ಲಿ, ಮನುಷ್ಯ ಚಂದ್ರನನ್ನು ಮುಟ್ಟುವ ಮುಂಚೆಯೇ ಬ್ರಿಟನ್, ಇಂಡಿಯಾ, ಆಸ್ಟ್ರೇಲಿಯಾಗಳಿಗೆ ಕೆಲವೇ ಗಂಟೆಗಳಲ್ಲಿ ಕ್ಷಿಪಣಿಯಲ್ಲಿ ಟಪಾಲು ಹೋಗುತ್ತದೆ ಅಂದುಬಿಟ್ಟರು.

ಮಾವ ಸೀಟಿನಲ್ಲಿ ನೆಟ್ಟಗೆ ಕೂತರು. "ತಿಪಟೂರಿಗೂ ಬರ್ತಿತ್ತಾ?"

"ಬರಬಹುದಿತ್ತೇನೋ."

"ಚೀಲ ಇಳಿಸಿಕೊಳ್ಳೋಕೆ ನಾನು ಹೊರಗೆ ನಿಲ್ಲಬೇಕಾಗಿತ್ತು. ಸದ್ಯ!"

ಮ್ಯೂಸಿಯಂಗೆ ಟಿಕೆಟ್ ಇಲ್ಲ ಅಂದಾಗಲೇ ಅವರಿಗೆ ನಾಟಿಲಸ್ ಮೇಲೆ ಗೌರವ ಬಂತು. ಕಡಿದಾದ ಮೆಟ್ಟಿಲು ಇಳಿದು, ಪೈಪುಗಳಿಗೆ ತಲೆ ತಾಗಿಸಿಕೊಳ್ಳದೆ ಬಗ್ಗಿಕೊಂಡು ನಡೆದೆವು. ಒಂದರ ಮೇಲೊಂದು ಮಂಚ, ಮಗ್ಗುಲು ಬದಲಿಸುವಷ್ಟೇ ಜಾಗ. ಇದರಲ್ಲೇ 116 ಜನ 1958ರ ಆಗಸ್ಟ್ 3ರ ರಾತ್ರಿ ಹಿಮದ ಹಾಸಿನ ಅಡಿಯಲ್ಲಿ ಉತ್ತರ ಧ್ರುವ ದಾಟಿದ್ದು. ಅದಕ್ಕೆ ಮುಂಚೆ ಹಬೆಯನ್ನು ತಣಿಸಿ ನೀರು ಮಾಡುವ ಕಂಡೆನ್ಸರ್‌ನಲ್ಲಿ ಎಲ್ಲೋ ಸೋರಿಕೆ, ಎಲ್ಲಿ ಅಂತ ಗೊತ್ತಾಗಲಿಲ್ಲ. ನಾವಿಕರು ಸಮವಸ್ತ್ರ ಬಿಟ್ಟು ಮಾಮೂಲಿ ಬಟ್ಟೆಯಲ್ಲಿ ಸಿಯಾಟಲ್‌ನ ಪೆಟ್ರೋಲ್ ಬಂಕುಗಳಿಗೆ ಹೋಗಿ, ಕಾರಿನ ರೇಡಿಯೇಟರ್ ಸೋರಿಕೆಗೆ ಹಾಕುವ ದ್ರಾವಣವನ್ನು ಸುಮಾರು 140 ಡಬ್ಬಿ ಕೊಂಡು ತಂದು, ಅದರಲ್ಲಿ ಒಂದಷ್ಟು ಸುರಿದರು. ಸೋರಿಕೆ ನಿಂತಿತು.

"ಇದರಲ್ಲೇನಿದೆ" ಅಂದರು ಮಾವ. "ನಮ್ಮ ಟಪಾಲು ವ್ಯಾನಿನ ರೇಡಿಯೇಟರಿಗೆ ಒಂದು ಮುಷ್ಟಿ ಅರಿಶಿನ ಹಾಕಿ ಓಡಿಸ್ತಿದ್ವಿ."

ಹೊರಗೆ ಬಂದ ಮೇಲೆ ಅಂಚೆ ಕಚೇರಿ ಎಲ್ಲಿ ಅಂತ ವಿಚಾರಿಸಿ ಒಬ್ಬರೇ ಒಳಗೆ ಹೋದರು. ನಾನು ಕಾರು ನಿಲ್ಲಿಸಿ ಹೋಗುವಷ್ಟರಲ್ಲಿ ನಗುತ್ತಾ ಬಂದರು. ಅತ್ತೆಗೆ ಕಾಗದ ಹಾಕಿದ್ದರಂತೆ. ಸ್ಟಾಂಪು? ನನ್ನ ಡ್ರಾಯರಿನಲ್ಲಿ ಒಂದು ಹಾಳೆ ಸುಮ್ನೆ ಬಿದ್ದಿತ್ತಂತೆ. 1959ರ ಉತ್ತರ ಧ್ರುವದ ಸ್ಟಾಂಪು, ನಾಯಿಬಂಡಿಯ ಜೊತೆ ನಾಟಿಲಸ್ ಚಿತ್ರ, ಒಂದೊಂದಕ್ಕೆ 4 ಸೆಂಟು. ಹಳೆಯ ಸ್ಟಾಂಪು ಇಲ್ಲಿ ಇವತ್ತಿಗೂ ನಡೆಯುತ್ತದೆ. ಇಂಡಿಯಾಕ್ಕೆ ಸಾಲಬೇಕಲ್ಲ ಅಂತ ದೊಡ್ಡ ಲಕೋಟೆ ತೆಗೆದುಕೊಂಡು, ಹಿಂದೆ ಮುಂದೆ, ಐವತ್ತನ್ನೂ ಅಂಟಿಸಿದ್ದಾರೆ. ವಿಳಾಸಕ್ಕೆ ಮಾತ್ರ ಒಂದು ಕಿಟಕಿ. "ಪುಣ್ಯಾತ್ಮ, ಐವತ್ತಕ್ಕೂ ಕೈಯಲ್ಲೇ ಹೊಡೆದ. ಒಂದೂ ಮಸುಕಾಗಿಲ್ಲ" ಅಂದರು.

ನನಗೆ ಕೋಪ ಬರಬೇಕಿತ್ತು. ಆದರೆ ತಲೆ ಬೇರೆ ಲೆಕ್ಕ ಹಾಕುತ್ತಿತ್ತು. ನಾಟಿಲಸ್ ಸ್ಟಾಂಪು, ನಾಟಿಲಸ್ ಹುಟ್ಟಿದೂರಿನ ಕೈಮುದ್ರೆ, ಅದೂ ಐವತ್ತು ಸಲ, ನಿಜವಾಗಿ ಸಮುದ್ರ ದಾಟಿ ತಿಪಟೂರಿಗೆ ತಲುಪುವ ಲಕೋಟೆ. ಒಳಗೆ ಕಾಗದ ಬೇರೆ! ಇಂಥದ್ದು ಯಾವ ಸಂಗ್ರಹಕಾರನ ಹತ್ತಿರ ಇದೆ? ಆವತ್ತಿನಿಂದ ನಾನು ದಿನಾ ತಿಪಟೂರಿಗೆ ಫೋನು. ಅತ್ತೆಗೆ ಅಳಿಯನ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು.

ಕೊನೆಗೊಂದು ದಿನ ಕಾಗದ ಬಂತು ಅಂದರು. ಎರಡು ಸಲ ಓದಿದರಂತೆ. ಸೋಬಾನೆ ಪುಸ್ತಕದೊಳಗೆ ಜೋಪಾನವಾಗಿ ಇಟ್ಟಿದ್ದಾರಂತೆ.

"ಮತ್ತೆ ಲಕೋಟೆ, ಅತ್ತೆ?"

"ಅಯ್ಯೋ, ಹಾಲಿನ ಲೆಕ್ಕ ಬರೆಯೋಣ ಅಂತ ನೋಡಿದೆ ಅಳಿಯಂದಿರೇ. ಹಿಂದೆ ಮುಂದೆ ಎಲ್ಲೂ ಒಂಚೂರೂ ಜಾಗ ಇರ್ಲಿಲ್ಲ. ನೀರೊಲೆಗೆ ಹಾಕ್ದೆ."