ನಿದ್ದೆಗೆ ವಿನಾಯಿತಿ ಇಲ್ಲ

ಬಳ್ಳಾರಿಯಲ್ಲಿ ಗಂಡ-ಹೆಂಡತಿ ಇಬ್ಬರೂ ನೌಕರಿಗೆ ಹೋಗುವ ಮನೆಯ ಮೂರು ವರ್ಷದ ಕೂಸಿನ ದಿನಚರಿ ಇದು: ಹತ್ತರಿಂದ ಒಂದರವರೆಗೆ ಪ್ಲೇ ಸ್ಕೂಲು, ಒಂದರಿಂದ ಆರರವರೆಗೆ ಅದೇ ಕಟ್ಟಡದ ಹಿಂದಿನ ಕೋಣೆಯಲ್ಲಿ ಬೇಬಿ ಸಿಟ್ಟಿಂಗು. ಮುಂದಿನ ಕೋಣೆಯಲ್ಲಿ ಅ ಆ ಇ ಈ. ಹಿಂದಿನ ಕೋಣೆಯಲ್ಲಿ ಅನ್ನ-ಸಾರು, ಚಾಪೆ, ನಿದ್ದೆ. ನಡುವಿನ ಹೊಸ್ತಿಲ ಮೇಲೆ ಆದಾಯ ತೆರಿಗೆ ಕಾಯ್ದೆ ಕುಂತಿದೆ. (ಇಲ್ಲಿನ ಕಲಂ, ಫಾರಂಗಳೆಲ್ಲ 2026ರ ಮಾರ್ಚ್‌ವರೆಗೆ ಇದ್ದ 1961ರ ಕಾಯ್ದೆಯವು, ಲೆಕ್ಕ 2024-25ರದು.) ಮುಂದಿನ ಕೋಣೆಯ ಟ್ಯೂಷನ್ ಫೀಗೆ 80ಸಿ ಕಲಂ ಅಡಿ ಕಡಿತ ಉಂಟು, ಅಂದರೆ ಅಷ್ಟು ಆದಾಯಕ್ಕೆ ತೆರಿಗೆ ಇಲ್ಲ. ಪ್ಲೇ ಸ್ಕೂಲು, ನರ್ಸರಿಯೂ ಪೂರ್ಣಾವಧಿ ಶಿಕ್ಷಣವೇ ಎಂದು ಇಲಾಖೆಯ ಸುತ್ತೋಲೆಯೇ ಹೇಳಿದೆ. ಕೂಸು ಹೊಸ್ತಿಲು ದಾಟಿ ಚಾಪೆ ಮೇಲೆ ಉರುಳಿತೋ, ಮುಗೀತು. ಅಕ್ಷರ ತಿದ್ದುವ ಮಗು ಕಾಯ್ದೆಗೆ ಕಾಣುತ್ತದೆ, ಆಕಳಿಸುವ ಮಗು ಕಾಣುವುದಿಲ್ಲ.

ಆದ್ದರಿಂದ ರಸೀದಿಯನ್ನು ಎರಡಾಗಿ ಬರೆಸಿಕೊಳ್ಳಬೇಕು. ಟ್ಯೂಷನ್ ಫೀ ಬೇರೆ, ಡೇ ಕೇರ್ ಬೇರೆ. ಡೊನೇಷನ್, ಡೆವಲಪ್‌ಮೆಂಟ್ ಫೀ ಲೆಕ್ಕಕ್ಕಿಲ್ಲ. ಒಟ್ಟು ಮೊತ್ತ ಒಂದೇ ಸಾಲಿನಲ್ಲಿದ್ದರೆ ಆಫೀಸಿನ ಅಕೌಂಟ್ಸ್‌ನವರು ಕಡಿತಗಳ ವಿವರ ಕೊಡುವ ಫಾರಂ 12ಬಿಬಿ ಜೊತೆಗೇ ವಾಪಸ್ ಕಳಿಸುತ್ತಾರೆ. ಹಣ ಕಟ್ಟಿದವರಿಗೇ ಕಡಿತ, ಒಂದೇ ರಸೀದಿಯನ್ನು ಇಬ್ಬರೂ ತೋರಿಸುವಂತಿಲ್ಲ. ಆದರೆ ‘ಇಬ್ಬರು ಮಕ್ಕಳು’ ಎಂಬ ಮಿತಿ ತಲೆಗೊಂದು: ಗಂಡನಿಗೆ ಇಬ್ಬರು, ಹೆಂಡತಿಗೆ ಇಬ್ಬರು. ನಾಲ್ಕು ಹೆತ್ತರೂ ಸರ್ಕಾರಕ್ಕೆ ಬೇಸರವಿಲ್ಲ, ಒಂದನ್ನು ಮಲಗಿಸಿದರೆ ಮಾತ್ರ ಬೇಸರ. ಇಷ್ಟಾದ ಮೇಲೂ 80ಸಿಯ 1.5 ಲಕ್ಷದ ಒಟ್ಟು ಮಿತಿಯೊಳಗೆ ಪಿಎಫ್, ಎಲ್‌ಐಸಿ, ಮನೆ ಸಾಲದ ಅಸಲು ಮೊದಲೇ ಟವಲ್ ಹಾಕಿ ಸೀಟು ಹಿಡಿದಿರುತ್ತವೆ. 2014ರಿಂದ ಬಸ್ಸು ದೊಡ್ಡದಾಗಿಲ್ಲ.

ಇನ್ನೊಂದು ಉದಾರತೆ ಮಕ್ಕಳ ಶಿಕ್ಷಣ ಭತ್ಯೆ. ಆದಾಯ ತೆರಿಗೆಯ 2ಬಿಬಿ ನಿಯಮದ ಪ್ರಕಾರ 2026ರ ಮಾರ್ಚ್‌ವರೆಗೆ ಒಂದು ಮಗುವಿಗೆ ತಿಂಗಳಿಗೆ ಅಕ್ಷರಶಃ 100 ರೂಪಾಯಿ ತೆರಿಗೆಮುಕ್ತವಾಗಿತ್ತು. ಅದೂ ಸಂಬಳದ ಚೀಟಿಯಲ್ಲಿ ಆ ಹೆಸರಿನ ಭತ್ಯೆ ಇದ್ದರೆ ಮಾತ್ರ. ಶೇ 20ರ ಹಂತದವರಿಗೆ ಸೆಸ್ ಸೇರಿ ವರ್ಷಕ್ಕೆ ಉಳಿಯುತ್ತಿದ್ದದ್ದು 249 ರೂಪಾಯಿ 60 ಪೈಸೆ, ಅಂದರೆ ದಿನಕ್ಕೆ 68 ಪೈಸೆ. ಕೌಲ್ ಬಜಾರಿನಲ್ಲಿ ಈ ದುಡ್ಡಿಗೆ ಮಿರ್ಚಿ ಬಿಡಿ, ಅದಕ್ಕೆ ಅಂಟಿದ ಹಿಟ್ಟೂ ಸಿಗುವುದಿಲ್ಲ. ಇಬ್ಬರು ಮಕ್ಕಳಿದ್ದರೆ ವರ್ಷಕ್ಕೆ 2,400 ರೂಪಾಯಿ ಭತ್ಯೆಗೆ ತೆರಿಗೆ ಇರಲಿಲ್ಲ. 2024-25ರಲ್ಲಿ ರಾಜ್ಯ ಸರ್ಕಾರ ತಿಂಗಳಿಗೆ 200ರಂತೆ ಹಿಡಿದ ವೃತ್ತಿ ತೆರಿಗೆಯೂ ಸರಿಯಾಗಿ 2,400. ದೆಹಲಿಯವರು ಲೆಕ್ಕಕ್ಕೆ ಬಿಟ್ಟಿದ್ದನ್ನು ಬೆಂಗಳೂರಿನವರು ನಗದಾಗಿ ಎತ್ತಿಕೊಂಡರು.

ಈಗ ಅಸಲು ತಮಾಷೆ. ತೆರಿಗೆ ಲೆಕ್ಕಕ್ಕೆ ಎರಡು ಪದ್ಧತಿ, ಒಂದನ್ನು ನಾವೇ ಆರಿಸಿಕೊಳ್ಳಬೇಕು. ಇವೆಲ್ಲ ಇರುವುದು ಹಳೆ ಪದ್ಧತಿಯಲ್ಲಿ. ಹೊಸ ಪದ್ಧತಿಗೆ ಮಕ್ಕಳೇ ಇಲ್ಲ. 2024-25ನೇ ಸಾಲಿಗೆ ಹತ್ತು ಲಕ್ಷ ಸಂಬಳ ಹಿಡಿಯಿರಿ, ಮನೆ ಬಾಡಿಗೆ ಭತ್ಯೆ, ಮನೆ ಸಾಲದ ಬಡ್ಡಿ ಎರಡೂ ಬೇಡ. ಹಳೆಯದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, 80ಸಿ ಪೂರ್ತಿ, ಆ ಭತ್ಯೆ, ವೃತ್ತಿ ತೆರಿಗೆ ಎಲ್ಲ ಕಳೆದು ಉಳಿದ 7,95,200ಕ್ಕೆ ಸೆಸ್ ಸೇರಿ ತೆರಿಗೆ ಸುಮಾರು 74,400. ಹೊಸದರಲ್ಲಿ 75,000 ಮಾತ್ರ ಕಳೆದರೂ ತೆರಿಗೆ 44,200. ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಎಂದು ಸರ್ಕಾರಕ್ಕೆ ತಿಳಿಸುವ ಶುಲ್ಕ 30,200 ರೂಪಾಯಿ. ಹಟ ಹಿಡಿದು ಹಳೆಯದೇ ಬೇಕೆಂದರೆ ರಿಟರ್ನನ್ನು ಗಡುವಿನೊಳಗೇ ಸಲ್ಲಿಸಬೇಕು. ತಡವಾದರೆ ಆ ಶುಲ್ಕ ಕಟ್ಟುವ ಭಾಗ್ಯವೂ ತಪ್ಪುತ್ತದೆ!

ಬ್ರಿಟನ್ನಿನವರು ಕೂಸು ನೋಡಿಕೊಳ್ಳುವ ಖರ್ಚಿಗೇ ಖಾತೆ ತೆರೆಸುತ್ತಾರೆ. ತಾಯ್ತಂದೆ 8 ಪೌಂಡ್ ಹಾಕಿದರೆ ಸರ್ಕಾರ 2 ಹಾಕುತ್ತದೆ, ಮಗುವಿಗೆ ವರ್ಷಕ್ಕೆ 2,000 ಪೌಂಡ್‌ವರೆಗೆ. ಅಲ್ಲೂ ತಮಾಷೆಗೆ ಬರವಿಲ್ಲ: ಇಬ್ಬರೂ ತಲಾ 99,000 ದುಡಿದರೆ ಸಿಗುತ್ತದೆ, ಒಬ್ಬರು 1,01,000 ದುಡಿದು ಇನ್ನೊಬ್ಬರು 20,000 ದುಡಿದರೆ ಇಲ್ಲ. ಆದರೂ ಅವರ ಫಾರಮ್ಮಿನಲ್ಲಿ ಮಲಗುವ ಕೂಸಿಗೊಂದು ಜಾಗ ಇದೆ.

ನಮ್ಮಲ್ಲಿ ಆ ಜಾಗ ತೆರಿಗೆ ಕಾಯ್ದೆಯ ಹೊರಗಿದೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲಿ ಬಂದ ನಿಯಮದ ಪ್ರಕಾರ 50 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಶಿಶುಪಾಲನಾ ಕೊಠಡಿ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿಬರಬಹುದು. ಬಳ್ಳಾರಿಯ ಸಣ್ಣ ಜೀನ್ಸ್ ಘಟಕದಲ್ಲಿ ತಾಯಿಗೆ ಹೋಗಿಬರುವ ತೊಂದರೆಯೇ ಇಲ್ಲ, ಕೂಸು ಹೊಲಿಗೆ ಯಂತ್ರದ ಪಕ್ಕದ ಬಟ್ಟೆ ಗಂಟಿನ ಮೇಲೇ ಮಲಗಿರುತ್ತದೆ. ನರೇಗಾ ಕೆಲಸದ ತಾಯಂದಿರಿಗೆಂದು ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ ‘ಕೂಸಿನ ಮನೆ’ ಒಳ್ಳೆಯ ಯೋಜನೆ, ಹೆಸರಂತೂ ಇನ್ನೂ ಒಳ್ಳೆಯದು. ಅದು 4,000 ಗ್ರಾಮ ಪಂಚಾಯಿತಿಗಳಿಗೆ. ಪಟ್ಟಣದ ಸಂಬಳದಾಕೆ ಅದಕ್ಕೂ ಸಲ್ಲುವುದಿಲ್ಲ.

ಹಾಗಂತ ಇಲಾಖೆಗೆ ಕೂಸುಗಳ ಪರಿಚಯವೇ ಇಲ್ಲ ಎನ್ನುವಂತಿಲ್ಲ. ಅಜ್ಜಿ ಪ್ರೀತಿಯಿಂದ ಮೊಮ್ಮಗಳ ಹೆಸರಿಗೆ ಎಫ್‌ಡಿ ಇಟ್ಟು ನೋಡಲಿ. ಬಡ್ಡಿ ಹುಟ್ಟಿದ ವರ್ಷವೇ 64(1ಎ) ಕಲಂ ತೊಟ್ಟಿಲ ಹತ್ತಿರ ಬಂದು ನಿಂತು, ಅಪ್ಪ-ಅಮ್ಮರಲ್ಲಿ ಯಾರ ಆದಾಯ ಹೆಚ್ಚೋ ಅವರ ಲೆಕ್ಕಕ್ಕೆ ಆ ಬಡ್ಡಿ ಸೇರಿಸುತ್ತದೆ. ಹಳೆ ಪದ್ಧತಿಯಾದರೆ ಕೂಸಿಗೆಂದು 1,500 ರೂಪಾಯಿ ಬಿಡುತ್ತದೆ. ಹೊಸದಾದರೆ ಅದೂ ಇಲ್ಲ. ಆಗ ಕೂಸು ಮಲಗಿತ್ತೋ ಎದ್ದಿತ್ತೋ ಎಂದು ಯಾರೂ ಕೇಳುವುದಿಲ್ಲ.