‘ಎರಡನೇ ಭೂಮಿ’ಯ ಚಿತ್ರದ ಕುರಿತು ಸ್ಪಷ್ಟನೆ

ಹುಬ್ಬಳ್ಳಿ-ಧಾರವಾಡದ ಪಾಲಕರ ವಾಟ್ಸಾಪ್ ಗುಂಪುಗಳಲ್ಲಿ, ಕೆಂಪು ಸೂರ್ಯನ ಮುಂದೆ ನೀಲಿ ಗ್ರಹವೊಂದು ತೋರುವ ಚಿತ್ರವು ‘ದೂರದರ್ಶಕಕ್ಕೆ ಸೆರೆಸಿಕ್ಕ ಎರಡನೇ ಭೂಮಿ, ಸಮುದ್ರವೂ ಇದೆ, ಈ ತಿಂಗಳು ಧಾರವಾಡದಿಂದಲೇ ನೋಡಬಹುದು’ ಎಂಬ ಒಕ್ಕಣೆಯೊಂದಿಗೆ ಹರಿದಾಡುತ್ತಿದೆ. ಅದು ಛಾಯಾಚಿತ್ರವಲ್ಲ, ಕಲ್ಪನಾಚಿತ್ರ.

ಸಂದೇಶದಲ್ಲಿ ಹೆಸರಿಸಿರುವ ಓಗಲ್-2005-ಬಿಎಲ್‌ಜಿ-390ಎಲ್‌ಬಿ ಗ್ರಹವನ್ನು ಯಾರೂ ನೇರವಾಗಿ ಕಂಡಿಲ್ಲ. ಈ ಗ್ರಹವು ಸುತ್ತುವ, ಸುಮಾರು 20 ಸಾವಿರ ಜ್ಯೋತಿರ್ವರ್ಷ ದೂರದ ಕೆಂಪು ಕುಬ್ಜ (ಸೂರ್ಯನಿಗಿಂತ ಚಿಕ್ಕದಾದ, ಮಂಕಾದ) ನಕ್ಷತ್ರವು 2005ರಲ್ಲಿ ಅದಕ್ಕಿಂತಲೂ ದೂರದ ನಕ್ಷತ್ರದ ಮುಂದೆ ಹಾದುಹೋದಾಗ, ಅದರ ಗುರುತ್ವವು ಹಿಂದಿನ ಬೆಳಕನ್ನು ಮಸೂರದಂತೆ ಬಾಗಿಸಿದ್ದರಿಂದ, ಹಿಂದಿನ ನಕ್ಷತ್ರವು ಕ್ರಮೇಣ ಬೆಳಗುತ್ತ ಜುಲೈ 31ರಂದು ಸುಮಾರು 3 ಪಟ್ಟು ಪ್ರಕಾಶಕ್ಕೇರಿ, ಬಳಿಕ ಮಂಕಾಗತೊಡಗಿತು. ಆ ಇಳಿಕೆಯ ನಡುವೆ, ಆಗಸ್ಟ್ 10ರ ಸುಮಾರಿಗೆ, ಗ್ರಹದ ಗುರುತ್ವವೂ ಆ ಬೆಳಕನ್ನು ಬಾಗಿಸಿದ್ದರಿಂದ ಒಂದು ದಿನದ ಮಟ್ಟಿಗೆ ಕಂಡ ಚಿಕ್ಕ ಏರಿಕೆಯೇ ಅದರ ಸುಳಿವು. ಚಿಲಿ ದೇಶದ ಲಾ ಸಿಲ್ಲಾದ ಡ್ಯಾನಿಶ್ ದೂರದರ್ಶಕವೂ ಅದನ್ನು ದಾಖಲಿಸಿತು. ನಮ್ಮ ಬಳಿಯಿರುವುದು ಬೆಳಕಿನ ಆ ಏರಿಳಿತವನ್ನು ತೋರುವ ನಕ್ಷೆಯ ಗೆರೆ ಮಾತ್ರ, ಮತ್ತು ಮಕ್ಕಳಿಗೆ ತೋರಿಸಲು ಬಣ್ಣದ ಚಿತ್ರಕ್ಕಿಂತ ಅದೇ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ.

ಗ್ರಹದ ದ್ರವ್ಯರಾಶಿ ಭೂಮಿಯ ಸುಮಾರು 5.5 ಪಟ್ಟು. ಅಲ್ಲಿನ ಉಷ್ಣತೆ ಅಂದಾಜು ಮೈನಸ್ 220 ಡಿಗ್ರಿ ಸೆಲ್ಸಿಯಸ್ ಆಗಿರುವುದರಿಂದ ಮೇಲ್ಮೈಯಲ್ಲಿ ನೀರಿನ ಸಮುದ್ರ ಇರಲಾರದು. ಇನ್ನು ಈ ತಿಂಗಳು ನೋಡುವ ಮಾತು: ಆ ಎರಡು ನಕ್ಷತ್ರಗಳು ಒಂದೇ ನೇರಕ್ಕೆ ಬಂದ ಸಂದರ್ಭ 2005ರಲ್ಲೇ ಮುಗಿದಿದೆ.